ಯಾವ ಬಳಗಕ್ಕೂ ಸೇರದ ಯರ್ರಿಸ್ವಾಮಿ

ಶನಿವಾರ, ಬೆಳಗಿನ ಆರೂಕಾಲು. ಹೊನ್ನಾಳಿಯ ಒಂದು ದೊಡ್ಡ ಸರ್ಕಾರಿ ಪ್ರೌಢಶಾಲೆಯ ಮೈದಾನದಲ್ಲಿ ಒಬ್ಬರು ಬಗ್ಗಿಕೊಂಡು ಸುತ್ತುತ್ತಿದ್ದಾರೆ. ನಡುವೆ ಒಂದು ಗೂಟ, ಗೂಟಕ್ಕೆ ಐದಡಿ ಹಗ್ಗ, ಹಗ್ಗದ ತುದಿಯಲ್ಲಿ ಅವರು, ಅವರ ಕೈಯಲ್ಲಿ ತಳ ತೂತು ಮಾಡಿದ ಹಾಲಿನ ಪುಡಿಯ ಡಬ್ಬಿ. ಡಬ್ಬಿಯಿಂದ ಸುಣ್ಣದ ಪುಡಿ ಉದುರಿದಂತೆ ನೆಲದ ಮೇಲೆ ಬಿಳಿಯ ವೃತ್ತವೊಂದು ಮೂಡುತ್ತದೆ. ಶುರುವಾದಲ್ಲಿಗೆ ಬಂದು ಮುಟ್ಟಿದ ಮೇಲೆ ಸೊಂಟ ನೆಟ್ಟಗೆ ಮಾಡಿ, ಗೂಟ ಕಿತ್ತು, ಎಂಟು ಹೆಜ್ಜೆ ಅಳೆದು, ಮತ್ತೆ ನೆಟ್ಟು, ಮತ್ತೆ ಬಗ್ಗುತ್ತಾರೆ. ಹೊಳೆಯ ಕಡೆಯಿಂದ ಗಾಳಿ ಬೀಸಿದರೆ ಡಬ್ಬಿಯನ್ನು ಇನ್ನಷ್ಟು ಕೆಳಗೆ ಹಿಡಿಯುತ್ತಾರೆ. ಬಿಸಿಲು ಬೀಳುವ ಹೊತ್ತಿಗೆ ಇಂಥ ನಲವತ್ತೇಳು ವೃತ್ತಗಳಾಗಬೇಕು. ಒಂದು ಕಡಿಮೆಯಾದರೆ ಹನ್ನೆರಡು ಮಕ್ಕಳಿಗೂ ಒಬ್ಬ ಮೇಷ್ಟ್ರಿಗೂ ಕೂರಲು ಜಾಗವಿಲ್ಲ.

ವೃತ್ತ ಬರೆಯುವವರ ಹೆಸರು ಯರ್ರಿಸ್ವಾಮಿ. ವಯಸ್ಸು ನಲವತ್ತೊಂಬತ್ತು. ಹುದ್ದೆ, ಕಾಗದದ ಮೇಲೆ, ‘ಡಿ’ ದರ್ಜೆ ನೌಕರ. ಮಕ್ಕಳ ಬಾಯಲ್ಲಿ ಸ್ವಾಮಣ್ಣ. ಮೂವತ್ತೊಂದು ಬೀಗಗಳಿಗೆ, ಒಂದು ಗಂಟೆಗೆ, ಮೂರು ನೀರಿನ ತೊಟ್ಟಿಗಳಿಗೆ, ಒಂದು ಹಳೆಯ ಝೆರಾಕ್ಸ್ ಯಂತ್ರದ ಮುನಿಸಿಗೆ ಇವರೇ ಜವಾಬ್ದಾರರು. ನಲವತ್ತೇಳು ವೃತ್ತಗಳನ್ನು ಪ್ರತಿ ಶನಿವಾರ ಬರೆಯುವ ಇವರಿಗೆ ಆ ಪೈಕಿ ಯಾವುದರೊಳಗೂ ಜಾಗವಿಲ್ಲ.

ಈ ಶಾಲೆಯ ವ್ಯವಸ್ಥೆ ಹೊರಗಿನವರಿಗೆ ಸ್ವಲ್ಪ ವಿಚಿತ್ರ. ಎಂಟರಿಂದ ಹತ್ತನೇ ತರಗತಿಯವರೆಗೆ ಎಂಟುನೂರ ನಲವತ್ತೆಂಟು ಮಕ್ಕಳಿದ್ದಾರೆ. ಇಷ್ಟು ದೊಡ್ಡ ಶಾಲೆಯಲ್ಲಿ ಒಂದು ಮಗು ಮೂರು ವರ್ಷ ಕಳೆದು, ಹತ್ತನೇ ತರಗತಿ ಪಾಸಾಗಿ, ಯಾರ ಕಣ್ಣಿಗೂ ಬೀಳದೆ ಹೊರಟುಹೋಗುವುದು ಸುಲಭ. ನಾಲ್ಕು ವರ್ಷದ ಹಿಂದೆ ಮುಖ್ಯೋಪಾಧ್ಯಾಯ ಪ್ರಸನ್ನಕುಮಾರ್ ಇದಕ್ಕೊಂದು ಉಪಾಯ ಹೂಡಿದರು. ಒಂಬತ್ತಕ್ಕೆ ಬಂದ ಮಕ್ಕಳನ್ನು ಅವರವರು ಮುಂದೆ ಮಾಡಲು ಬಯಸುವ ಕೆಲಸದ ಮೇಲೆ ನಾಲ್ಕು ಬಳಗ ಮಾಡಿದರು: ಮೋಟಾರ್ ಬಳಗ, ಆರೈಕೆ ಬಳಗ, ಅಂಗಡಿ ಬಳಗ, ಬೆಳೆ ಬಳಗ. ಒಂದೊಂದು ಬಳಗಕ್ಕೂ ಶಾಲೆಯ ಒಂದೊಂದು ಮೂಲೆ, ಅದರದೇ ಮೇಷ್ಟ್ರುಗಳು, ಅದರದೇ ವೇಳಾಪಟ್ಟಿ. ಮೋಟಾರ್ ಬಳಗದಲ್ಲಿ ಗಣಿತವೆಂದರೆ ತಂತಿಯ ಸುತ್ತಿನ ಲೆಕ್ಕ. ಅಂಗಡಿ ಬಳಗದಲ್ಲಿ ಕನ್ನಡ ಪ್ರಬಂಧವೆಂದರೆ ಚನ್ನಗಿರಿಯ ಅಡಿಕೆ ಮಂಡಿಗೆ ಹೋಗಿ ಬಂದ ವರದಿ. ಇಲಾಖೆಗೆ ಕಳಿಸುವ ಪತ್ರಗಳಲ್ಲಿ ಈ ಏರ್ಪಾಡಿಗೆ ಎರಡೂವರೆ ಸಾಲಿನ ಹೆಸರಿದೆ. ಪ್ರಸನ್ನಕುಮಾರ್ ಅವರಿಗೇ ಅದು ಪೂರ್ತಿ ಬಾಯಿಗೆ ಬರುವುದಿಲ್ಲ.

ಶಾಲೆ ನಾಲ್ಕಾಯಿತು, ಗಂಟೆ ಮಾತ್ರ ಒಂದೇ ಉಳಿಯಿತು. ಬೇವಿನ ಮರಕ್ಕೆ ನೇತುಹಾಕಿದ ರೈಲು ಹಳಿಯ ತುಂಡು ಅದು. ಆರೈಕೆ ಬಳಗ ತಾಲ್ಲೂಕು ಆಸ್ಪತ್ರೆಯ ಹೊರರೋಗಿಗಳ ಹೊತ್ತಿಗೆ ಹೊರಡಬೇಕು, ಅಂಗಡಿ ಬಳಗ ಸಂತೆಯ ದಿನ ಬೇಗ ಬಿಡಬೇಕು. ಮೋಟಾರ್ ಬಳಗದ ಕೈಕೆಲಸ ಊರಾಚೆಯ ಪಂಪ್‌ಸೆಟ್‌ಗಳ ಮೇಲೆ. ಅಲ್ಲಿ ತ್ರೀಫೇಸ್ ಕರೆಂಟು ಬರುವ ಹೊತ್ತು ವಾರಕ್ಕೊಮ್ಮೆ ಬದಲಾಗುತ್ತದೆ. ಮೊದಲ ತಿಂಗಳು ಒಂದು ಗಂಟೆ ಬಾರಿಸಿದರೆ ನಾಲ್ಕೂ ಬಳಗದವರು ಎದ್ದು ಓಡುತ್ತಿದ್ದರು. ಆಮೇಲೆ ಯರ್ರಿಸ್ವಾಮಿ ಯಾರನ್ನೂ ಕೇಳದೆ ನಾಲ್ಕು ಬಗೆಯ ಪೆಟ್ಟು ಹುಟ್ಟಿಸಿದರು. ಮೋಟಾರಿಗೆ ಎರಡೆರಡು ಜೋಡಿ ಪೆಟ್ಟು. ಅಂಗಡಿಗೆ ಚೌಕಾಸಿ ಮಾಡಿದ ಹಾಗೆ ಪಟಪಟ ಆರು. ಬೆಳೆಗೆ ಒಂದು, ನಡುವೆ ಬಹಳ ಬಿಡುವು, ಇನ್ನೊಂದು.

“ಆರೈಕೆಯೋರಿಗೆ ಮಾತ್ರ ಮೆಲ್ಲಕೆ ಮೂರು ಹೊಡಿತೀನಿ ರೀ. ಆಸ್ಪತ್ರೆಗೆ ಹೋಗೋ ಮಕ್ಕಳು, ಅವರನ್ನ ಬೆಚ್ಚಿ ಬೀಳಿಸಬಾರದು,” ಎನ್ನುತ್ತಾರೆ, ಮುಖದ ಮೇಲೆ ನಗುವಿನ ಸುಳಿವಿಲ್ಲದೆ.

ಈಚೆಗೆ ದಾನಿಯೊಬ್ಬರು ತಾನಾಗಿಯೇ ಬಾರಿಸುವ ಗಂಟೆಯ ಯಂತ್ರ ಕೊಡಲು ಮುಂದೆ ಬಂದಿದ್ದರು. ಯಂತ್ರಕ್ಕೆ ಎಲ್ಲವೂ ಗೊತ್ತಿತ್ತು, ಲೈನ್‌ಮನ್ ಜಯಪ್ಪನ ಫೋನ್ ನಂಬರೊಂದನ್ನು ಬಿಟ್ಟು. ಈ ವಾರ ಕರೆಂಟು ಯಾವಾಗ ಎಂಬುದು ಯರ್ರಿಸ್ವಾಮಿಗೆ ತಿಳಿಯುವುದು ಜಯಪ್ಪನಿಂದ. ಯಂತ್ರ ವಾಪಸು ಹೋಯಿತು.

ದಿನಕ್ಕೆ ಹೀಗೆ ಮೂವತ್ತಾರು ಸಲ ಹಳಿಯ ಹತ್ತಿರ ಹೋಗಿ ಬರುತ್ತಾರೆ. ನಡುನಡುವೆ ಹಾಜರಿ ಪುಸ್ತಕಗಳನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೊರುವುದು, ಸುತ್ತೋಲೆಗೆ ಸಹಿ ಹಾಕಿಸುವುದು, ಬಾವಲಿಯೊಂದು ನುಗ್ಗಿದ ಕೋಣೆಯಿಂದ ಅದನ್ನೂ ಕಿರುಚುವ ಮಕ್ಕಳನ್ನೂ ಬೇರೆಬೇರೆ ಬಾಗಿಲಿನಿಂದ ಹೊರಗೆ ಕಳಿಸುವುದು. ಇದ್ಯಾವುದರ ಬಗ್ಗೆಯೂ ಅವರಿಗೆ ದೂರಿಲ್ಲ. ಅವರ ಮನಸ್ಸು ನೆಟ್ಟಿರುವುದು ಶನಿವಾರದ ಮೇಲೆ.

ಶನಿವಾರದ ಕೊನೆಯ ಅವಧಿಗೆ ಶಾಲೆಯಲ್ಲಿ ‘ಹನ್ನೆರಡರ ಕೂಟ’ ಎಂದು ಹೆಸರು. ಒಂಬತ್ತು, ಹತ್ತನೇ ತರಗತಿಯ ಮಕ್ಕಳು ಐನೂರ ಅರವತ್ನಾಲ್ಕು. ಮೇಷ್ಟ್ರುಗಳು, ಅತಿಥಿ ಶಿಕ್ಷಕರು, ವೃತ್ತಿ ತರಬೇತಿಯವರು ಸೇರಿ ನಲವತ್ತೇಳು. ಒಬ್ಬೊಬ್ಬರಿಗೂ ತಮ್ಮ ಬಳಗದ ಹನ್ನೆರಡು ಮಕ್ಕಳು, ಎರಡು ವರ್ಷದ ಮಟ್ಟಿಗೆ. ಆ ಹನ್ನೆರಡಕ್ಕೆ ಅವರು ‘ಹಿರಿಯರು’. ಸುಣ್ಣದ ವೃತ್ತದ ಮೇಲೆ ಕೂತು ಪ್ರತಿ ಮಗುವೂ ಆ ವಾರದ ಒಂದು ಸಂಗತಿ ಹೇಳಬೇಕು. ಹಿರಿಯರು ಪಾಠ ಮಾಡುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ಮೇಷ್ಟ್ರುಗಳಿಗೆ ಇದಕ್ಕಿಂತ ಕಷ್ಟದ ಶಿಕ್ಷೆ ಇನ್ನೊಂದಿಲ್ಲ ಎಂದು ಪ್ರಸನ್ನಕುಮಾರ್ ತಾವೇ ಒಪ್ಪುತ್ತಾರೆ.

ಯರ್ರಿಸ್ವಾಮಿಗೆ ಬೇಕಾಗಿರುವುದು ಇದು. ತಮ್ಮದೇ ಹನ್ನೆರಡು. ಬಡ್ತಿಯಲ್ಲ, ಊರ ಕಡೆಗೆ ವರ್ಗವಲ್ಲ, ಶಾಲು ಹೊದ್ದುಕೊಂಡು ಸನ್ಮಾನವಂತೂ ಅಲ್ಲ. ನಾಲ್ಕು ವರ್ಷದಿಂದ ಗಂಟೆ ಬಾರಿಸಿ ಬೇವಿನ ಬುಡದಲ್ಲಿ ನಿಂತು, ಮೈದಾನದ ತುಂಬ ವೃತ್ತವೃತ್ತವಾಗಿ ಕೂತ ಮಕ್ಕಳನ್ನು ನೋಡುತ್ತಾರೆ. ಇಲಾಖೆ ಒಪ್ಪಿಗೆಯ ಜೊತೆ ಕಳಿಸಿದ ನಿಯಮದಲ್ಲಿ ಹಿರಿಯರು ಎಂದರೆ ಬೋಧಕ ಸಿಬ್ಬಂದಿ ಎಂದಿದೆ. ಅವರು ಬೋಧಕೇತರ.

ಈ ಆಸೆ ಎಲ್ಲಿಂದ ಬಂತು ಎಂದು ಕೇಳಿದರೆ ಮಾತು ಜಗಳೂರು ತಾಲ್ಲೂಕಿನ ಸೊಕ್ಕೆಗೆ ಹೋಗುತ್ತದೆ. ಅದು ಅವರ ಹುಟ್ಟೂರು. ಪ್ರೌಢಶಾಲೆಗೆ ಜಗಳೂರಿಗೆ ಹೋಗಬೇಕಿತ್ತು. ಒಂದು ವಿಭಾಗದಲ್ಲಿ ತೊಂಬತ್ತಾರು ಹುಡುಗರು, ಇವರ ಹಾಜರಿ ಸಂಖ್ಯೆ ಎಪ್ಪತ್ತೊಂದು. ಒಂಬತ್ತನೇ ತರಗತಿಯಲ್ಲಿ ಇಂಗ್ಲಿಷಿನ ಪದ್ಯವೊಂದು ಅರ್ಥವಾಗದೆ ಒಂದು ದಿನ ತಪ್ಪಿಸಿಕೊಂಡರು. ಮರುದಿನವೂ ಅರ್ಥವಾಗಲಿಕ್ಕಿಲ್ಲ ಎಂದು ಮರುದಿನವೂ ಹೋಗಲಿಲ್ಲ. ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತುವುದು, ಸಂಜೆಯವರೆಗೆ ಸಾಮಿಲ್ಲಿನಲ್ಲಿ ದಿಮ್ಮಿ ಸೀಳುವುದನ್ನು ನೋಡುವುದು, ವಾಪಸು ಬಸ್ಸು ಹತ್ತುವುದು. ಮನೆಯವರ ಪ್ರಕಾರ ಅವರು ಶಾಲೆಯಲ್ಲಿದ್ದರು. ಶಾಲೆಯ ಪ್ರಕಾರವೂ ಶಾಲೆಯಲ್ಲೇ ಇದ್ದರು. ಮೇಷ್ಟ್ರು ಎಪ್ಪತ್ತೊಂದು ಎಂದಾಗ ಹಿಂದಿನ ಬೆಂಚಿನ ಗೆಳೆಯ ಪಾಲಣ್ಣ ದನಿ ಬದಲಿಸಿ “ಹಾಜರ್ ಸಾರ್” ಎನ್ನುತ್ತಿದ್ದ, ಸ್ನೇಹಕ್ಕಾಗಿ.

“ನಾಕು ತಿಂಗಳು ರೀ,” ಎನ್ನುತ್ತಾರೆ ಯರ್ರಿಸ್ವಾಮಿ. “ಮೊದಮೊದಲು ಸಿಕ್ಕಿಬೀಳ್ತೀನಿ ಅಂತ ಹೆದರಿಕೆ ಇತ್ತು. ಆಮೇಲೆ ಯಾರೂ ಯಾಕೆ ಹಿಡಿತಿಲ್ಲ ಅಂತ ಹೆದರಿಕೆ ಶುರುವಾತು. ದಿನಾ ಸಾಮಿಲ್ಲಿನಾಗೆ ಕೂತು ದಾರಿ ನೋಡ್ತಿದ್ದೆ, ಇವತ್ತು ಯಾರಾರ ಹುಡುಕ್ಕೊಂಡು ಬರ್ತಾರೆ ಅಂತ. ಅರ್ಧವಾರ್ಷಿಕದಾಗೆ ಸೊನ್ನೆ ಬಂತಲ್ಲ, ಆವಾಗ ನಾನು ಇಲ್ಲ ಅಂತ ಗೊತ್ತಾತು ಅವರಿಗೆ.”

ಗೊತ್ತಾದ ಮೇಲೂ ಯಾರೂ ಹುಡುಕಿಕೊಂಡು ಬರಲಿಲ್ಲ. ಹೆಸರಿನ ಮೇಲೆ ಕೆಂಪು ಗೆರೆ ಬಿತ್ತು. ಆಮೇಲಿನದು ಎಲ್ಲರ ಕತೆಯಂಥದು: ಚನ್ನಗಿರಿಯ ಒಂದು ವಿದ್ಯಾರ್ಥಿನಿಲಯದಲ್ಲಿ ದಿನಗೂಲಿ, ಎಂಟು ವರ್ಷದ ಮೇಲೆ ಕಾಯಂ, ಹದಿನಾಲ್ಕು ವರ್ಷದ ಹಿಂದೆ ಈ ಶಾಲೆ. ಈ ಹದಿನಾಲ್ಕು ವರ್ಷದಲ್ಲಿ ಹಾಜರಿ ಕೂಗುವ ಹೊತ್ತಿಗೆ ಯಾವುದೋ ಕೆಲಸದ ನೆಪದಲ್ಲಿ ಅವರು ಯಾವುದಾದರೊಂದು ಕಿಟಕಿಯ ಬಳಿ ನಿಂತಿರುತ್ತಾರೆ. ಸ್ನೇಹಕ್ಕಾಗಿ ದನಿ ಬದಲಿಸಿದ ಹನ್ನೊಂದು ಹುಡುಗರನ್ನು ಈವರೆಗೆ ಹಿಡಿದಿದ್ದಾರೆ. ಕ್ಲಾಸಿನೊಳಗೆ ಹೋಗಿ ಹೇಳುವ ಅಧಿಕಾರ ಅವರಿಗಿಲ್ಲ. ಸಂಜೆ ಸೈಕಲ್ ತುಳಿದು, ಬಾರದ ಹುಡುಗನ ಮನೆಗೆ ಹೋಗಿ, “ಹುಡುಗ ಎಲ್ಲವ್ವಾ?” ಎಂದು ಕೇಳಲು ಅಧಿಕಾರ ಬೇಕಿಲ್ಲವಲ್ಲ.

ಹೋದ ಆಗಸ್ಟಿನಲ್ಲಿ ಆರೈಕೆ ಬಳಗದ ಸಂಧ್ಯಾರಾಣಿ ಮೇಡಂಗೆ ಚನ್ನಗಿರಿಗೆ ವರ್ಗವಾಯಿತು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಪಾಠಗಳನ್ನು ಉಳಿದವರು ಹಂಚಿಕೊಂಡರು. ಅವರ ಕೂಟದ ಒಂಬತ್ತನೇ ತರಗತಿಯ ಹನ್ನೆರಡು ಮಕ್ಕಳನ್ನು ಹಂಚಿಕೊಳ್ಳಲು ಯಾರಿಗೂ ನೆನಪಾಗಲಿಲ್ಲ. ಪ್ರತಿಯೊಬ್ಬರೂ ಇನ್ನೊಬ್ಬರು ತೆಗೆದುಕೊಂಡಿರಬೇಕು ಎಂದುಕೊಂಡರು. ಶನಿವಾರ ಯರ್ರಿಸ್ವಾಮಿ ಎಂದಿನಂತೆ ನಲವತ್ತೇಳು ವೃತ್ತ ಬರೆದರು. ಸೈಕಲ್ ಸ್ಟ್ಯಾಂಡಿನ ಪಕ್ಕದ ಇಪ್ಪತ್ತೊಂಬತ್ತನೆಯ ವೃತ್ತದ ಮೇಲೆ ಹನ್ನೆರಡು ಮಕ್ಕಳು ಬಂದು ಕೂತರು. ಹತ್ತು ನಿಮಿಷ ಸುಮ್ಮನೆ ಕೂತೇ ಇದ್ದರು. ಉಳಿದ ನಲವತ್ತಾರರಲ್ಲಿ ಮಾತು ನಡೆದಿತ್ತು.

ಯರ್ರಿಸ್ವಾಮಿ ಪೊರಕೆ ಹಿಡಿದು ಅಲ್ಲಿಗೆ ಹೋದರು, ಗುಡಿಸುವ ನೆಪದಲ್ಲಿ. ಹುಡುಗನೊಬ್ಬ, “ಸ್ವಾಮಣ್ಣ, ನಮ್ಮದು ಇವತ್ತು ಇಲ್ವಾ?” ಎಂದ. ಇದೆ ಎಂದರು. ಆಮೇಲೆ ಏನು ಮಾಡಬೇಕೆಂದು ತೋಚದೆ ಪೊರಕೆಯನ್ನು ವೃತ್ತದ ಹೊರಗಿಟ್ಟು, ಗೆರೆಯ ಮೇಲೆ ಕೂತರು. ನಾಲ್ಕು ವರ್ಷ ದೂರದಿಂದ ನೋಡಿದ್ದರಿಂದ ಕ್ರಮವೆಲ್ಲ ಬಾಯಿಪಾಠವಾಗಿತ್ತು. ಎಡಗಡೆಯಿಂದ ಶುರು ಮಾಡ್ರಿ ಎಂದರು.

ಹಾಗೆ ಒಂಬತ್ತು ಶನಿವಾರ ನಡೆಯಿತು. ಬುದ್ಧಿ ಹೇಳಬಾರದೆಂಬ ನಿಯಮ ಅವರಿಗೆ ಕಷ್ಟವಾಗಲಿಲ್ಲ. ಅವರ ಬುದ್ಧಿಮಾತನ್ನು ಅಲ್ಲಿಯವರೆಗೆ ಯಾರೂ ಕೇಳಿರಲೇ ಇಲ್ಲ. ಮಕ್ಕಳು ಹೇಳಿದ್ದನ್ನು ಕೇಳಿದರು, ಮುಂದಿನ ವಾರ ನೆನಪಿಟ್ಟುಕೊಂಡು ಅದನ್ನೇ ವಿಚಾರಿಸಿದರು. ಕರು ಹಾಕಿದ ಎಮ್ಮೆ ಹೆಂಗೈತೆ, ಅಜ್ಜಿಯ ಕಣ್ಣಿನ ಪಟ್ಟಿ ಬಿಚ್ಚಿದರಾ, ಅಕ್ಕನ ಗಂಡಿನ ಕಡೆಯವರು ಮತ್ತೆ ಬಂದರಾ. ಮನೆಯಲ್ಲೂ ಇದೇ ಮಾತಾಯಿತು. ಹೆಂಡತಿ ಗಾದ್ರಮ್ಮನ ತಕರಾರು ಬೇರೆ.

“ಇವರಿಗೆ ಸ್ವಂತದ್ದು ಎರಡು ಅದಾವೆ. ಅವು ಹುಟ್ಟಿದ ತಾರೀಕು ಕೇಳ್ರಿ, ತಲೆ ಕೆರಕೊಂತಾರೆ. ಆ ಹನ್ನೆರಡರದ್ದು ಕೇಳ್ರಿ ನೋಡಾನ,” ಎನ್ನುತ್ತಾರೆ ಅವರು. ಕೇಳಿದರೆ, ಯರ್ರಿಸ್ವಾಮಿ ಹನ್ನೆರಡನ್ನೂ ಹೇಳುತ್ತಾರೆ, ವಾರದ ಸಮೇತ.

ಹನ್ನೆರಡರಲ್ಲಿ ಒಬ್ಬಳು ಕಾವ್ಯಶ್ರೀ. ಸವಳಂಗದಿಂದ ನ್ಯಾಮತಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ ಬರುವ ಹುಡುಗಿ. ಮಗಳು ನರ್ಸ್ ಆಗಲಿ ಎಂದು ತಾಯಿ ಆರೈಕೆ ಬಳಗಕ್ಕೆ ಹಾಕಿದ್ದರು. ಎಂಟು ಶನಿವಾರ ಅವಳ ಸರದಿ ಬಂದಾಗ “ಏನಿಲ್ಲ” ಎಂದಳು. ಏನಿಲ್ಲ ಎನ್ನುವುದಕ್ಕೂ ಹಕ್ಕಿದೆ ಎಂದು ಯರ್ರಿಸ್ವಾಮಿ ಮುಂದಿನವರ ಕಡೆ ತಿರುಗುತ್ತಿದ್ದರು. ಒಂಬತ್ತನೆಯ ಶನಿವಾರ ಅವಳು ನೆಲ ನೋಡುತ್ತ, “ಸ್ವಾಮಣ್ಣ, ನಾನು ಆಸ್ಪತ್ರೆಗೆ ಹೋದಾಗೆಲ್ಲ ಚೀಟಿ ರೂಮಿನಾಗೆ ಬಚ್ಚಿಟ್ಕೊಂತೀನಿ,” ಎಂದಳು.

ಆಮೇಲೆ ಅವಳು ನಿಲ್ಲಿಸಲಿಲ್ಲ. ಸೂಜಿ ಕಂಡರೆ ಕಣ್ಣು ಕತ್ತಲೆ ಬರುತ್ತದಂತೆ. ಮೊದಲ ದಿನವೇ ಗಾಯಕ್ಕೆ ಹೊಲಿಗೆ ಹಾಕುವುದನ್ನು ಕಂಡು ಗೋಡೆ ಹಿಡಿದುಕೊಂಡಿದ್ದಳಂತೆ. ಅಂದಿನಿಂದ ಹೊರರೋಗಿಗಳ ಹಳೆಯ ಚೀಟಿಗಳನ್ನು ರಾಶಿ ಹಾಕಿದ ಕೋಣೆಗೆ ನುಸುಳಿ, ಹೊತ್ತು ಹೋಗಲೆಂದು ಅವನ್ನು ಊರುವಾರು ಜೋಡಿಸುತ್ತ ಕೂರುತ್ತಿದ್ದಳಂತೆ. ಅಮ್ಮನಿಗೆ ಹೇಳಿದರೆ ಶಾಲೆ ಬಿಡಿಸುತ್ತಾರೆ ಎಂಬ ಭಯ. ಯರ್ರಿಸ್ವಾಮಿ ಒಂದೇ ಪ್ರಶ್ನೆ ಕೇಳಿದರು, ಯಾವ ಊರಿನ ಚೀಟಿ ಹೆಚ್ಚು ಅದಾವವ್ವಾ ಎಂದು. ಹುಡುಗಿ ತಲೆ ಎತ್ತಿದಳು. ಸಾಸ್ವೆಹಳ್ಳಿ ಕಡೆಯ ಜ್ವರದ ಚೀಟಿಗಳು ಮಳೆಗಾಲದಲ್ಲಿ ಎಷ್ಟಾಗುತ್ತವೆ, ಒಬ್ಬ ಅಜ್ಜ ಒಂದೇ ಕೆಮ್ಮಿಗೆ ಮೂರು ಹೆಸರಿನಲ್ಲಿ ಮೂರು ಚೀಟಿ ಮಾಡಿಸಿದ್ದು, ಯಾವ ಬರಹವನ್ನು ಹೇಗೆ ಓದಬೇಕು, ಎಲ್ಲ ಹೇಳಿದಳು. ಉಳಿದ ಹನ್ನೊಂದು ಮಕ್ಕಳು ಬಾಯಿ ತೆರೆದು ಕೇಳಿದರು. ಯರ್ರಿಸ್ವಾಮಿಯೂ ಕೇಳಿದರು.

ಮತ್ತು ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಗಂಟೆ ಬಾರಿಸುವುದನ್ನು ಮರೆತರು.

ಹನ್ನೊಂದೂ ಇಪ್ಪತ್ತಕ್ಕೆ ಹೊಡೆಯಬೇಕಾದ ಶನಿವಾರದ ಕೊನೆಯ ಗಂಟೆ ಅದು. ಮೈದಾನದಲ್ಲಿ ನಲವತ್ತಾರು ಜನ ದೊಡ್ಡವರಿದ್ದರು, ಎಲ್ಲರ ಕೈಯಲ್ಲೋ ಜೇಬಿನಲ್ಲೋ ಗಡಿಯಾರವಿತ್ತು. ಹನ್ನೊಂದೂವರೆಗೆ ಹಲವರು ನೋಡಿಕೊಂಡರು. ಸ್ವಾಮಣ್ಣ ಹೊಡೆದಿಲ್ಲವೆಂದ ಮೇಲೆ ತಮ್ಮ ಗಡಿಯಾರವೇ ಮುಂದೆ ಓಡುತ್ತಿರಬೇಕು ಎಂದುಕೊಂಡರು. ಇಬ್ಬರು ಅದನ್ನು ಹಿಂದಕ್ಕೂ ತಿರುಗಿಸಿಕೊಂಡರು. ಹನ್ನೆರಡಕ್ಕೆ ಐದು ನಿಮಿಷವಿದ್ದಾಗ, ಬಿಸಿಯೂಟದ ಪ್ರೇಮಮ್ಮ ಅಡುಗೆ ಮನೆಯಿಂದ ಸೌಟು ಹಿಡಿದು ಹೊರಬಂದು, ಇವತ್ತು ಯಾರಿಗೂ ಮನೆ ಇಲ್ಲವೇ ಎಂದು ಕೂಗಿದರು. ಅಷ್ಟರಲ್ಲಿ ಸಾಸ್ವೆಹಳ್ಳಿ ಕಡೆಯ ಬಸ್ಸೂ ನ್ಯಾಮತಿ ಕಡೆಯ ಬಸ್ಸೂ ಹೋಗಿದ್ದವು. ಅರವತ್ತೊಂದು ಮಕ್ಕಳು ಉಳಿದರು. ಮುಂದಿನ ಬಸ್ಸು ಎರಡು ಗಂಟೆಗೆ. ತಂದೆತಾಯಿಗಳ ಫೋನು, ಸಿಟ್ಟು, ಒಂದಿಬ್ಬರು ಬೈಕಿನಲ್ಲಿ ಬಂದು ಗೇಟಿನಲ್ಲಿ ಹಾಕಿದ ಗಲಾಟೆ, ಎಲ್ಲವೂ ಆಯಿತು. ಅರವತ್ತೊಂದೂ ಮಕ್ಕಳನ್ನು ಎರಡು ಗಂಟೆಗೆ ಬಸ್ ಸ್ಟ್ಯಾಂಡಿಗೆ ಸಾಲಾಗಿ ನಡೆಸಿಕೊಂಡು ಹೋಗಿ ಹತ್ತಿಸಿ ಬಂದವರು ಯರ್ರಿಸ್ವಾಮಿಯೇ.

ಸೋಮವಾರ ಪ್ರಸನ್ನಕುಮಾರ್ ನೋಟಿಸು ಕೊಟ್ಟರು. ಕೊಡಲೇಬೇಕಿತ್ತು. ಕರ್ತವ್ಯಲೋಪಕ್ಕೆ ಕಾರಣವೇನು, ಆ ಹೊತ್ತಿನಲ್ಲಿ ಎಲ್ಲಿದ್ದಿರಿ, ಲಿಖಿತವಾಗಿ ತಿಳಿಸಿ. ಮರುದಿನ ಬಂದ ಉತ್ತರದಲ್ಲಿ ಮೂರೇ ವಾಕ್ಯ: “ಇಪ್ಪತ್ತೊಂಬತ್ತನೇ ಸುತ್ತಿನಲ್ಲಿ ಕೂತಿದ್ದೆನು. ಒಂದು ಮಗು ಮಾತಾಡುತ್ತಿತ್ತು, ಕೇಳುತ್ತಾ ಮರೆತೆನು. ತಪ್ಪಾಗಿದೆ.” ಇಪ್ಪತ್ತೊಂಬತ್ತನೆಯ ವೃತ್ತಕ್ಕೆ ಹಿರಿಯರಿಲ್ಲ ಎಂಬುದು ಮುಖ್ಯೋಪಾಧ್ಯಾಯರಿಗೆ ಗೊತ್ತಾದದ್ದು ಆ ಕಾಗದ ಓದಿ. ತಮ್ಮದೇ ಏರ್ಪಾಡಿನಲ್ಲಿ ಹನ್ನೆರಡು ಮಕ್ಕಳು ಒಂಬತ್ತು ವಾರ ಕಣ್ಣಿಗೆ ಬೀಳದೆ ಹೋಗಿದ್ದರು. ಯಾರನ್ನು ಬೈಯಬೇಕೆಂದು ಅವರಿಗೆ ಸ್ವಲ್ಪ ಹೊತ್ತು ತಿಳಿಯಲಿಲ್ಲವಂತೆ.

ಶಿಕ್ಷಕರ ಸಭೆಯಲ್ಲಿ ಅವರು, ಹೊಸಬರು ಬರುವವರೆಗೆ ಯರ್ರಿಸ್ವಾಮಿಯೇ ಮುಂದುವರಿಯಲಿ ಎಂದರು. ಹಿರಿಯ ಶಿಕ್ಷಕ ಬಸವರಾಜಪ್ಪ ಒಪ್ಪಲಿಲ್ಲ. ಅವರು ಕೆಟ್ಟವರಲ್ಲ. ಮೂವತ್ತು ವರ್ಷದ ಸರ್ವಿಸಿನಲ್ಲಿ, ಇಲ್ಲದ ನಿಯಮವೊಂದನ್ನು ನಂಬಿ ನಡೆದವರಿಗೆ ಕೊನೆಯಲ್ಲಿ ಏನಾಗುತ್ತದೆ ಎಂಬುದನ್ನು ನೋಡಿದವರು. ಇವತ್ತು ಗಂಟೆ ಹೊಡೆಯುವವರು ಕೇಳಿದರೆ ನಾಳೆ ಅನ್ನ ಮಾಡುವ ಪ್ರೇಮಮ್ಮನೂ ಕೇಳುತ್ತಾಳೆ ಎಂದರು. ಮಾತು ಅಡುಗೆ ಮನೆಗೆ ತಲುಪಲು ಐದು ನಿಮಿಷವೂ ಹಿಡಿಯಲಿಲ್ಲ.

“ಕೇಳಿದ್ರೆ ಏನು ತಪ್ಪೈತೆ?” ಎಂದರು ಪ್ರೇಮಮ್ಮ, ಬೇಳೆ ತೊಳೆಯುತ್ತಲೇ. “ಯಾವ ಮಗು ಎರಡನೇ ಸಲ ಅನ್ನ ಹಾಕಿಸ್ಕೊಂತು, ಯಾವುದು ತಟ್ಟೆ ಹಂಗೇ ತೊಳಿತು, ಆ ಮೇಷ್ಟ್ರಿಗೆ ಗೊತ್ತೈತಾ ಕೇಳ್ರಿ. ನಾನು ಕೇಳ್ತಿಲ್ಲ ಬಿಡ್ರಿ, ನನಗೆ ಎಂಟುನೂರು ಅದಾವೆ.”

ಚರ್ಚೆ ಮುಗಿಯುವ ಮೊದಲೇ ನವೆಂಬರಿನಲ್ಲಿ ಸಂಧ್ಯಾರಾಣಿಯವರ ಜಾಗಕ್ಕೆ ವಿನಯ್ ಕುಮಾರ್ ಎಂಬ ವಿಜ್ಞಾನ ಶಿಕ್ಷಕರು ಬಂದರು. ಮೊದಲ ನೇಮಕಾತಿ. ನಿಯಮದ ಪ್ರಕಾರ ಇಪ್ಪತ್ತೊಂಬತ್ತು ಅವರದಾಯಿತು. ಶುಕ್ರವಾರ ಸಂಜೆ ಶಾಲೆ ಬಿಟ್ಟ ಮೇಲೆ ಯರ್ರಿಸ್ವಾಮಿ ಅವರನ್ನು ಮೈದಾನದ ಸುತ್ತ ನಡೆಸಿದರು. ಮೂರು ಸುತ್ತು. ವಿನಯ್ ಕುಮಾರ್ ನಡೆಯುತ್ತಲೇ ಡೈರಿಯಲ್ಲಿ ಬರೆದುಕೊಂಡರು. ಒಬ್ಬನಿಗೆ ಎಡಗಿವಿ ಮಂದ, ನಿಮ್ಮ ಬಲಕ್ಕೆ ಕೂರಿಸಿಕೊಳ್ಳಬೇಡಿ. ಇನ್ನೊಬ್ಬ ಬೈದರೆ ನಗುತ್ತಾನೆ, ಅದು ಹೆದರಿಕೆಗೆ, ಕೊಬ್ಬಿಗಲ್ಲ. ಒಬ್ಬಳು ಉಂಡಿದೀನಿ ಎಂದರೆ ನಂಬಬೇಡಿ. ಕಾವ್ಯಶ್ರೀಯನ್ನು ಈಗ ಆಸ್ಪತ್ರೆಯವರೇ ಚೀಟಿ ಕೋಣೆಗೆ ಕರೆಯುತ್ತಾರೆ, ಆರೈಕೆ ಎಂದರೆ ಬರೀ ಸೂಜಿಯಲ್ಲ ಎಂದು ಅವಳ ತಾಯಿಗೆ ಒಮ್ಮೆ ಮೇಷ್ಟ್ರ ಬಾಯಿಂದ ಹೇಳಿಸಬೇಕು, “ನಾನು ಹೇಳಿದ್ರೆ ಆಗಲ್ಲ ರೀ.” ಹನ್ನೆರಡೂ ಮುಗಿದ ಮೇಲೆ ಹೊಸ ಮೇಷ್ಟ್ರು ಡೈರಿ ಮುಚ್ಚಿದರು.

ವಿನಯ್ ಕುಮಾರ್ ಸೂಕ್ಷ್ಮದ ಮನುಷ್ಯ. ನೀವೂ ಬಂದು ಕೂರಿ, ಜೊತೆಗೇ ನಡೆಸೋಣ ಎಂದರು. ಯರ್ರಿಸ್ವಾಮಿ ತಲೆಯಾಡಿಸಿದರು. “ಒಂದು ಸುತ್ತಿಗೆ ಇಬ್ಬರು ಹಿರೇರಾದ್ರೆ ಮಕ್ಕಳು ಯಾರ ಮುಖ ನೋಡ್ಕೊಂಡು ಮಾತಾಡ್ಬೇಕು ಸಾರ್? ನಿಮ್ಮ ಮುಖ ನೋಡೋದು ರೂಢಿಯಾಗಲಿ.”

ಆ ಮೇಲಿನ ಶನಿವಾರಗಳಲ್ಲಿ ಗಂಟೆ ಒಂದು ನಿಮಿಷವೂ ಆಚೀಚೆಯಾಗಿಲ್ಲ. ಸೈಕಲ್ ಸ್ಟ್ಯಾಂಡಿನ ಸುತ್ತಲ ನೆಲ ಮಾತ್ರ ಶಾಲೆಯ ಉಳಿದೆಲ್ಲ ಕಡೆಗಿಂತ ಸ್ವಚ್ಛವಾಗಿದೆ. ಅಲ್ಲಿ ಗುಡಿಸಲು ಹದಿನೈದು ನಿಮಿಷ ಸಾಕು, ಅವರಿಗೆ ಮೂವತ್ತೈದು ನಿಮಿಷ ಹಿಡಿಯುತ್ತದೆ. ಮಾತು ಕೇಳಿಸುವಷ್ಟು ಹತ್ತಿರ ಹೋಗುವುದಿಲ್ಲ. ಯಾರ ಸರದಿ ನಡೆದಿದೆ ಎಂದು ಕತ್ತಿನ ತಿರುವಿನಿಂದ ತಿಳಿಯುವಷ್ಟು ದೂರದಲ್ಲಿರುತ್ತಾರೆ. ಕೂಟ ಮುಗಿದ ಮೇಲೆ ಆ ಹನ್ನೆರಡರಲ್ಲಿ ಒಂದಿಬ್ಬರು ಅವರನ್ನು ದಾಟಿ ಬಸ್ಸಿಗೆ ಓಡುವಾಗ, ಓಡುತ್ತಲೇ ಆ ವಾರದ್ದೊಂದು ಸಂಗತಿ ಎಸೆದು ಹೋಗುತ್ತಾರೆ. ಎಮ್ಮೆ ಗಬ್ಬ ಆಗೈತೆ ಸ್ವಾಮಣ್ಣ. ಅಜ್ಜಿ ಈಗ ಟಿವಿ ನೋಡ್ತಾಳೆ. ಅವರು ಪೊರಕೆ ಹಿಡಿದು ನಿಂತು, ಹೌದಾ ಎನ್ನುವಷ್ಟರಲ್ಲಿ ಮಕ್ಕಳು ಗೇಟು ದಾಟಿರುತ್ತಾರೆ. ಅದಕ್ಕೆ ಮುಂದಿನ ಪ್ರಶ್ನೆ ಅವರ ಬಳಿಯೇ ಉಳಿಯುತ್ತದೆ.

ಈಗ ಜನವರಿ. ಎಂಟನೇ ತರಗತಿಯ ಮಕ್ಕಳು ಮುಂದಿನ ವರ್ಷಕ್ಕೆ ಬಳಗ ಆರಿಸಿಕೊಳ್ಳುವ ಕಾಲ. ಇವತ್ತು ಶನಿವಾರದ ಶಾಲೆ ಬಿಟ್ಟ ಮೇಲೆ ಯರ್ರಿಸ್ವಾಮಿ ಅರ್ಜಿಗಳ ಕಟ್ಟನ್ನು ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ತಂದಿಡುತ್ತಾರೆ. ಅರ್ಜಿಯ ಮೂಲೆಯಲ್ಲಿ ಬಳಗದ ಹೆಸರು, ಕೆಲವುಗಳಲ್ಲಿ ಹೊಡೆದು ತಿದ್ದಿದ ಇನ್ನೊಂದು ಹೆಸರು. ಪ್ರಸನ್ನಕುಮಾರ್ ಕಾಗದದ ಮೇಲೆ ಲೆಕ್ಕ ಹಾಕುತ್ತಾರೆ. ಇನ್ನೂರ ಎಂಬತ್ನಾಲ್ಕು ಮಕ್ಕಳು ಒಂಬತ್ತಕ್ಕೆ ಬರುತ್ತಾರೆ. ಹತ್ತು ಮುಗಿಸಿ ಹೋಗುವವರ ಹಿರಿಯರು ಇಪ್ಪತ್ಮೂರು ಜನ ಖಾಲಿಯಾಗುತ್ತಾರೆ. ತಲಾ ಹನ್ನೆರಡು. ಅವರು ಪೆನ್ನು ಎತ್ತುವ ಮೊದಲೇ ಯರ್ರಿಸ್ವಾಮಿ, “ಎಂಟು ಮಿಗ್ತಾವೆ ಸಾರ್,” ಎನ್ನುತ್ತಾರೆ. ಈ ಲೆಕ್ಕವನ್ನು ಅವರು ಡಿಸೆಂಬರಿನಲ್ಲೇ ಮಾಡಿಟ್ಟಿದ್ದ ಹಾಗಿದೆ.

ಅದೇನು ದೊಡ್ಡ ವಿಷಯವಲ್ಲ ಎನ್ನುತ್ತಾರೆ ಮುಖ್ಯೋಪಾಧ್ಯಾಯರು. ಎಂಟು ಜನ ಹಿರಿಯರಿಗೆ ಹನ್ನೆರಡರ ಬದಲು ಹದಿಮೂರು ಕೊಟ್ಟರಾಯಿತು.

ಯರ್ರಿಸ್ವಾಮಿ ಹೊರಡುವುದಿಲ್ಲ. ಮೇಜಿನ ಅಂಚಿನಲ್ಲಿ ಅರ್ಜಿಗಳನ್ನು ತಟ್ಟಿ ಸಮ ಮಾಡುತ್ತಾರೆ, ಸಮವಾಗಿದ್ದನ್ನು ಇನ್ನೊಮ್ಮೆ ತಟ್ಟುತ್ತಾರೆ. ಮುಖ್ಯೋಪಾಧ್ಯಾಯರು ಕನ್ನಡಕ ತೆಗೆದಿಟ್ಟು, ನಿಯಮ ತಾನು ಮಾಡಿದ್ದಲ್ಲ, ಬರೆದು ಕೊಟ್ಟರೆ ಮೇಲಕ್ಕೆ ಕಳಿಸಬಹುದು, ಜೂನ್ ಬರಲಿ, ಏನಾಗುತ್ತದೆಂದು ಹೇಳಲಾರೆ ಎನ್ನುತ್ತಾರೆ. ಬರೆದೇ ತಂದಿದೀನಿ ಎಂದು ಯರ್ರಿಸ್ವಾಮಿ ಅಂಗಿಯ ಜೇಬಿನಿಂದ ನಾಲ್ಕಾಗಿ ಮಡಿಸಿದ ಹಾಳೆ ತೆಗೆಯುತ್ತಾರೆ. ಅದನ್ನು ಕೊಡುವ ಮೊದಲು, ಬರೆದದ್ದು ಸರಿಯಾಗಿ ಬಂದಿಲ್ಲವೇನೋ ಎಂಬಂತೆ, ಬಾಯಲ್ಲೂ ಹೇಳುತ್ತಾರೆ.

“ಹದಿಮೂರನೇದು ಅಂದ್ರೆ ಮಿಕ್ಕಿದ್ದು ಅಂತಾನೇ ಅಲ್ವೇನ್ರೀ ಸಾರ್? ಆ ಮಗೂಗೂ ಗೊತ್ತಾಗ್ತೈತೆ ಅದು. ಮಿಕ್ಕೋರನ್ನೆಲ್ಲ ಒಂದೇ ಕಡೆ ಕೂರಿಸ್ರಿ, ಆಗ ಯಾರೂ ಮಿಕ್ಕಂಗಾಗಲ್ಲ. ನನಗೆ ಹನ್ನೆರಡು ಬ್ಯಾಡ ಸಾರ್. ಆ ಎಂಟು ಕೊಡ್ರಿ.”